ಕ್ಯಾಮೆರಾದಿಂದ ಕಂಪ್ಯೂಟರಿಗೆ ಫೋಟೋ ಬರುತ್ತಿಲ್ಲವೇ? ಎಲ್ಲಿ ನಿಂತಿದೆ ಅಂತ ಮೊದಲು ನೋಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಕ್ಯಾಮೆರಾದಲ್ಲಿ ವೈಫೈ ಇದೆ, ಕಂಪ್ಯೂಟರಿನಲ್ಲೂ ಇದೆ, ಆದರೆ ಫೋಟೋ ಮಾತ್ರ ಅಲ್ಲಿಂದ ಇಲ್ಲಿಗೆ ಬರುತ್ತಿಲ್ಲ. ಸುಮಾರು ಜನ "ಎಲ್ಲಾ ರೀಸೆಟ್ ಮಾಡಿ ನೋಡಿದೆ, ಆದರೂ ಆಗಲಿಲ್ಲ" ಅಂತಲೇ ಪತ್ರ ಮುಗಿಸಿದ್ದಾರೆ. ದಯವಿಟ್ಟು ರೀಸೆಟ್‌ಗೆ ಮೊದಲೇ ಕೈ ಹಾಕಬೇಡಿ. ಸರಿಯಾಗಿದ್ದ ಸೆಟ್ಟಿಂಗ್ ಕೂಡ ಅದರ ಜೊತೆ ಅಳಿಸಿಹೋಗುತ್ತದೆ, ತೊಂದರೆ ಎಲ್ಲಿತ್ತು ಅನ್ನುವ ಸುಳಿವೂ ಹೋಗುತ್ತದೆ.

ಇದರಲ್ಲಿ ನಾಲ್ಕು ಕೆಲಸ ಒಂದಾದ ಮೇಲೊಂದು ನಡೆಯಬೇಕು. ಕ್ಯಾಮೆರಾ ವೈಫೈಗೆ ಸೇರಬೇಕು. ಕಂಪ್ಯೂಟರಿಗೆ ಅದು ಕಾಣಿಸಬೇಕು. ಎರಡೂ ಒಂದನ್ನೊಂದು ಒಪ್ಪಿಕೊಳ್ಳಬೇಕು, ಅಂದರೆ ಪೇರಿಂಗ್. ಆಮೇಲಷ್ಟೇ ಫೈಲ್ ಹೊರಡುವುದು. ಎಷ್ಟನೆಯ ಕೆಲಸದಲ್ಲಿ ನಿಂತಿದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಕೆಳಗಿನ ಉತ್ತರಗಳನ್ನು ಓದುವಾಗ ಇದೊಂದು ನೆನಪಿರಲಿ.

ಪ್ರಶ್ನೆ: ಹೊಸ ರೌಟರ್ ಹಾಕಿಸಿದ ಮೇಲೆ ಕ್ಯಾಮೆರಾದ ಪಟ್ಟಿಯಲ್ಲಿ ನಮ್ಮ ಮನೆಯ ವೈಫೈ ಹೆಸರೇ ಬರುತ್ತಿಲ್ಲ. ಫೋನಿಗೂ ಲ್ಯಾಪ್‌ಟಾಪಿಗೂ ಚೆನ್ನಾಗಿ ಸಿಗುತ್ತಿದೆ. ಕ್ಯಾಮೆರಾದ ವೈಫೈ ಹಾಳಾಗಿದೆಯೇ?

ಹಾಳಾಗಿರುವ ಸಾಧ್ಯತೆ ತೀರಾ ಕಡಿಮೆ. ಹಳೆಯ ರೌಟರ್ ಇದ್ದಾಗ ಸಿಗುತ್ತಿತ್ತು ಅಲ್ವಾ? ಹಾಗಾದರೆ ಹೊಸ ರೌಟರಿನ ಸೆಟ್ಟಿಂಗನ್ನೇ ನೋಡಬೇಕು.

ಹೆಚ್ಚಿನ ಕ್ಯಾಮೆರಾಗಳಿಗೆ, ಅದರಲ್ಲೂ ಕೆಲವು ವರ್ಷ ಹಳೆಯವಕ್ಕೆ, 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು. ನಿಮ್ಮ ರೌಟರ್ 5 ಗಿಗಾಹರ್ಟ್ಸ್‌ನಲ್ಲಿ ಮಾತ್ರ ನಡೆಯುತ್ತಿದ್ದರೆ ಕ್ಯಾಮೆರಾ ಪಾಲಿಗೆ ಆ ವೈಫೈ ಇಲ್ಲವೇ ಇಲ್ಲ. ರೌಟರಿನ ಸೆಟ್ಟಿಂಗ್ ಪುಟಕ್ಕೆ ಹೋಗಿ 2.4 ಗಿಗಾಹರ್ಟ್ಸ್ ಆನ್ ಇದೆಯೇ ನೋಡಿ. ಎರಡಕ್ಕೂ ಒಂದೇ ಹೆಸರಿದ್ದರೆ ಸದ್ಯಕ್ಕೆ ಬೇರೆ ಬೇರೆ ಹೆಸರು ಕೊಡಿ. ಆಗ ಯಾವುದು ಕಾಣುತ್ತಿದೆ, ಯಾವುದು ಕಾಣುತ್ತಿಲ್ಲ ಅಂತ ಕಣ್ಣಿಗೇ ತಿಳಿಯುತ್ತದೆ.

ಅದು ಸರಿಯಿದ್ದರೆ ಚಾನೆಲ್, ಅಂದರೆ ವೈಫೈ ಓಡಾಡುವ ಓಣಿಯ ಸಂಖ್ಯೆ, ನೋಡಿ. 2.4 ಗಿಗಾಹರ್ಟ್ಸ್‌ನಲ್ಲಿ ಕೆಲವು ದೇಶಗಳಿಗೆ ಮಾಡಿದ ಸಾಧನಗಳು 1ರಿಂದ 11ರವರೆಗಿನ ಚಾನೆಲ್ ಮಾತ್ರ ಬಳಸುತ್ತವೆ, ಬೇರೆ ಕಡೆ 13ರವರೆಗೂ ಹೋಗಬಹುದು. ರೌಟರನ್ನು 'ಆಟೋ'ದಲ್ಲಿ ಬಿಟ್ಟಾಗ ಅದು 12 ಅಥವಾ 13 ಹಿಡಿದು ಕೂತರೆ ಅಂಥ ಕ್ಯಾಮೆರಾಗೆ ಏನೂ ಕಾಣುವುದಿಲ್ಲ. 1, 6 ಅಥವಾ 11ರಲ್ಲಿ ಒಂದನ್ನು ನೀವೇ ಆರಿಸಿ ಇಡಿ.

ಹೆಸರು ಕಾಣುತ್ತದೆ, ಪಾಸ್‌ವರ್ಡ್ ಹಾಕಿದರೆ ಒಪ್ಪುತ್ತಿಲ್ಲ ಅಂತ ಇನ್ನಿಬ್ಬರು ಬರೆದಿದ್ದಾರೆ. ಅವರು ಭದ್ರತೆಯ ಸೆಟ್ಟಿಂಗ್ ನೋಡಬೇಕು. ಹೊಸ ರೌಟರುಗಳಲ್ಲಿ ಡಬ್ಲ್ಯುಪಿಎ3 ಅಂತ ಇರುತ್ತದೆ, ಹಳೆಯ ಕ್ಯಾಮೆರಾಗೆ ಡಬ್ಲ್ಯುಪಿಎ2ವರೆಗೆ ಮಾತ್ರ ಬರುತ್ತದೆ. ಎರಡಕ್ಕೂ ಅವಕಾಶ ಕೊಡುವ 'ಮಿಕ್ಸೆಡ್' ಆಯ್ಕೆ ಇದ್ದರೆ ಅದನ್ನು ಹಾಕಿ. ಕ್ಯಾಮೆರಾಗಾಗಿ ಪಾಸ್‌ವರ್ಡನ್ನೇ ತೆಗೆದು ವೈಫೈಯನ್ನು ತೆರೆದಿಡುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಅದರ ಅಗತ್ಯವೇ ಇಲ್ಲ. ಪಾಸ್‌ವರ್ಡಿನಲ್ಲಿ ವಿಚಿತ್ರ ಚಿಹ್ನೆಗಳಿದ್ದರೆ ಕ್ಯಾಮೆರಾದ ಪುಟ್ಟ ಕೀಬೋರ್ಡಿನಲ್ಲಿ ಅವು ಇವೆಯೇ ಅಂತಲೂ ನೋಡಿಕೊಳ್ಳಿ. ದೊಡ್ಡಕ್ಷರ, ಚಿಕ್ಕಕ್ಷರ ತಪ್ಪುವುದು ಅಲ್ಲಿ ಬಹಳ ಸುಲಭ. ಡಬ್ಲ್ಯುಪಿಎಸ್ ಗುಂಡಿ ಒತ್ತಿ ಸೇರಿಸುತ್ತಿದ್ದವರು ಗಮನಿಸಿ, ಡಬ್ಲ್ಯುಪಿಎ3 ಮಾತ್ರ ಇಟ್ಟ ರೌಟರಿನಲ್ಲಿ ಆ ಗುಂಡಿ ಕೆಲಸ ಮಾಡುವುದಿಲ್ಲ.

ಪ್ರಶ್ನೆ: ಕ್ಯಾಮೆರಾ ವೈಫೈಗೆ ಸೇರಿದೆ, ಐಪಿ ವಿಳಾಸವೂ ತೋರಿಸುತ್ತಿದೆ. ಆದರೆ ಲ್ಯಾಪ್‌ಟಾಪಿನಲ್ಲಿ ಕಂಪನಿಯ ಸಾಫ್ಟ್‌ವೇರ್ ತೆರೆದರೆ 'ಕ್ಯಾಮೆರಾ ಸಿಗಲಿಲ್ಲ' ಅಂತಲೇ ಬರುತ್ತದೆ. ಮೂರು ಸಲ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿದೆ.

ಅತಿ ಹೆಚ್ಚು ಜನ ಸಿಕ್ಕಿಬೀಳುವ ಜಾಗ ಇದೇ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಸಾಫ್ಟ್‌ವೇರ್ ಮತ್ತೆ ಮತ್ತೆ ಹಾಕುವುದು ಇನ್ನು ಸಾಕು. ಎರಡೂ ಸಾಧನ ವೈಫೈಗೆ ಸೇರಿವೆ, ಆದರೆ ಒಂದಕ್ಕೆ ಇನ್ನೊಂದು ಕಾಣುತ್ತಿಲ್ಲ. ನಡುವೆ ಯಾರೋ ತಡೆಯುತ್ತಿದ್ದಾರೆ, ಅದು ಯಾರು ಅಂತ ಹುಡುಕಬೇಕು.

ಮೊದಲು ಎರಡರ ಐಪಿ ವಿಳಾಸವನ್ನು, ಅಂದರೆ ರೌಟರು ಪ್ರತಿ ಸಾಧನಕ್ಕೂ ಕೊಡುವ ಸಂಖ್ಯೆಯನ್ನು, ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಕ್ಯಾಮೆರಾದ್ದು ಅದರ ನೆಟ್‌ವರ್ಕ್ ಮೆನುವಿನಲ್ಲಿ ಸಿಗುತ್ತದೆ. ಲ್ಯಾಪ್‌ಟಾಪಿನದು ವೈಫೈ ಸೆಟ್ಟಿಂಗಿನಲ್ಲಿ, ಸೇರಿರುವ ವೈಫೈ ಹೆಸರಿನ ವಿವರ ತೆರೆದರೆ ಕಾಣುತ್ತದೆ. ಕ್ಯಾಮೆರಾ 192.168.1.23, ಲ್ಯಾಪ್‌ಟಾಪ್ 192.168.1.40 ಅಂತಿದ್ದರೆ ಸರಿ. ಮನೆಯ ರೌಟರುಗಳಲ್ಲಿ ಸಾಮಾನ್ಯವಾಗಿ ಚುಕ್ಕೆಗಳ ನಡುವಿನ ಮೊದಲ ಮೂರು ಸಂಖ್ಯೆ ಒಂದೇ ಇರಬೇಕು. ಒಂದು 192.168.1 ಅಂತಲೂ ಇನ್ನೊಂದು 192.168.0 ಅಂತಲೂ ಶುರುವಾದರೆ ಅವು ಬೇರೆ ಬೇರೆ ನೆಟ್‌ವರ್ಕಿನಲ್ಲಿವೆ. ಇಂಟರ್ನೆಟ್ ಕೊಟ್ಟವರ ಪೆಟ್ಟಿಗೆಯೂ ವೈಫೈ ಕೊಡುತ್ತಿದೆ, ನೀವು ತಂದ ರೌಟರೂ ಬೇರೆ ವೈಫೈ ಕೊಡುತ್ತಿದೆ ಅನ್ನುವ ಮನೆಗಳಲ್ಲಿ ಹೀಗಾಗುತ್ತದೆ. ಎರಡನ್ನೂ ಒಂದೇ ಪೆಟ್ಟಿಗೆಯ ವೈಫೈಗೆ ಸೇರಿಸಿ. ಕ್ಯಾಮೆರಾದ ವಿಳಾಸ 169.254 ಅಂತ ಶುರುವಾದರೆ ರೌಟರು ಅದಕ್ಕೆ ವಿಳಾಸವನ್ನೇ ಕೊಟ್ಟಿಲ್ಲ ಅಂತ ಅರ್ಥ. ಆ ವೈಫೈ ಹೆಸರನ್ನು ಕ್ಯಾಮೆರಾದಿಂದ ಅಳಿಸಿ ಮತ್ತೆ ಸೇರಿಸಿ, ವಿಳಾಸದ ಆಯ್ಕೆಯನ್ನು 'ಆಟೋ'ದಲ್ಲಿ ಇಡಿ.

ಅಂಕಿಗಳು ಸರಿಯಿದ್ದರೂ ಕಾಣುತ್ತಿಲ್ಲ ಅಂದರೆ ಕ್ಯಾಮೆರಾವನ್ನು 'ಗೆಸ್ಟ್' ವೈಫೈಗೆ ಹಾಕಿದ್ದೀರಾ ಅಂತ ನೋಡಿ. ಗೆಸ್ಟ್ ವೈಫೈ ಇಂಟರ್ನೆಟ್ ಕೊಡುತ್ತದೆ, ಆದರೆ ಅದರಲ್ಲಿರುವ ಸಾಧನಗಳು ಮನೆಯ ಬೇರೆ ಸಾಧನಗಳ ಜೊತೆ ಮಾತಾಡದ ಹಾಗೆ ತಡೆಯುತ್ತದೆ. ಅದನ್ನು ಮಾಡಿರುವುದೇ ಅದಕ್ಕೆ. ರೌಟರಿನ ಮೆನುವಿನಲ್ಲಿ 'ಎಪಿ ಐಸೊಲೇಷನ್' ಅಥವಾ 'ಕ್ಲೈಂಟ್ ಐಸೊಲೇಷನ್' ಅಂತ ಇರುವ ಆಯ್ಕೆಯದೂ ಇದೇ ಕೆಲಸ. ಆನ್ ಇದ್ದರೆ ಆಫ್ ಮಾಡಿ. ಹಾಸ್ಟೆಲ್, ಹೋಟೆಲ್, ಕಚೇರಿಯ ವೈಫೈಗಳಲ್ಲಿ ಇದನ್ನು ಬೇಕೆಂದೇ ಆನ್ ಇಟ್ಟಿರುತ್ತಾರೆ. ಅಲ್ಲಿ ನೀವು ಏನೇ ಮಾಡಿದರೂ ಆಗುವುದಿಲ್ಲ, ಕ್ಯಾಮೆರಾ ತಾನೇ ಎಬ್ಬಿಸುವ ಸ್ವಂತ ವೈಫೈಗೆ ಲ್ಯಾಪ್‌ಟಾಪನ್ನು ಸೇರಿಸಿ.

ಆಮೇಲೆ ವಿಂಡೋಸ್. ಹೊಸ ವೈಫೈಗೆ ಸೇರಿದಾಗ ವಿಂಡೋಸ್ ಅದನ್ನು 'ಪಬ್ಲಿಕ್' ಅಂತ ಗುರುತು ಹಾಕಿಕೊಂಡಿರಬಹುದು. ಪಬ್ಲಿಕ್ ಅಂದರೆ ಬಸ್ ನಿಲ್ದಾಣದ ವೈಫೈ ಇದ್ದ ಹಾಗೆ, ಯಾರನ್ನೂ ನಂಬಬಾರದು ಅಂತ ಅದು ಬಾಗಿಲು ಹಾಕಿಕೊಳ್ಳುತ್ತದೆ. ಅದೇ ವೈಫೈ ವಿವರದ ಪುಟದಲ್ಲಿ ಇದನ್ನು 'ಪ್ರೈವೇಟ್' ಅಂತ ಬದಲಿಸಬಹುದು. ನಿಮ್ಮ ಮನೆಯ ವೈಫೈಗೆ ಮಾತ್ರ ಹೀಗೆ ಮಾಡಿ, ಹೊರಗಿನದಕ್ಕೆ ಬೇಡ. ಬಹಳ ಜನರ ಸಮಸ್ಯೆ ಈ ಒಂದೇ ಒಂದು ಬದಲಾವಣೆಯಿಂದ ಮುಗಿಯುತ್ತದೆ.

ಇನ್ನೂ ಆಗದಿದ್ದರೆ ಫೈರ್‌ವಾಲ್, ಅಂದರೆ ಹೊರಗಿನ ಸಂಪರ್ಕಗಳನ್ನು ತಡೆಯುವ ಕಂಪ್ಯೂಟರಿನ ಕಾವಲುಗಾರ. ಸಾಫ್ಟ್‌ವೇರನ್ನು ಮೊದಲ ಸಲ ತೆರೆದಾಗ 'ಇದಕ್ಕೆ ಅನುಮತಿ ಕೊಡಲೇ?' ಅಂತ ಒಂದು ಕಿಟಕಿ ಬಂದಿರುತ್ತದೆ, ನಾವು ಓದದೆ 'ಕ್ಯಾನ್ಸಲ್' ಒತ್ತಿರುತ್ತೇವೆ. ವಿಂಡೋಸ್ ಆ ಉತ್ತರವನ್ನು ನೆನಪಿಟ್ಟುಕೊಂಡು ಮುಂದೆ ಸದ್ದಿಲ್ಲದೆ ತಡೆಯುತ್ತಲೇ ಇರುತ್ತದೆ. ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದರೂ ಎಷ್ಟೋ ಸಲ ಈ ನಿಯಮ ಹಾಗೇ ಉಳಿದಿರುತ್ತದೆ, ನಿಮ್ಮ ಮೂರು ಪ್ರಯತ್ನವೂ ಇದರಿಂದಲೇ ಸೋತಿರಬಹುದು. ಫೈರ್‌ವಾಲ್ ಸೆಟ್ಟಿಂಗಿನಲ್ಲಿ ಅನುಮತಿ ಇರುವ ಆ್ಯಪ್‌ಗಳ ಪಟ್ಟಿ ತೆರೆದು ಕ್ಯಾಮೆರಾ ಸಾಫ್ಟ್‌ವೇರಿನ ಮುಂದೆ 'ಪ್ರೈವೇಟ್'ಗೆ ಟಿಕ್ ಹಾಕಿ. ಬೇರೆ ಆ್ಯಂಟಿವೈರಸ್ ಹಾಕಿಸಿದ್ದರೆ ಅದರದೇ ಫೈರ್‌ವಾಲ್ ಇರುತ್ತದೆ, ಅಲ್ಲಿಯೂ ನೋಡಿ.

ಫೈರ್‌ವಾಲಿನಲ್ಲಿ ಬಿಡಬೇಕಾದ ಪೋರ್ಟ್ (ದತ್ತಾಂಶ ಓಡಾಡುವ ಬಾಗಿಲು) ಸಂಖ್ಯೆ ಕೇಳಿದವರಿಗೆ: ತುಂಬಾ ಕ್ಯಾಮೆರಾಗಳು ಪಿಟಿಪಿ-ಐಪಿ ಅನ್ನುವ ವಿಧಾನದಲ್ಲಿ ಫೋಟೋ ಕಳಿಸುತ್ತವೆ, ಅದಕ್ಕೆ ಟಿಸಿಪಿ 15740 ಬೇಕು. ಅದಕ್ಕೆ ಬುನಾದಿಯಾದ ಪಿಟಿಪಿ ವಿಧಾನದ ಐಎಸ್ಒ ಮಾನದಂಡದ ಸಂಖ್ಯೆಯೂ 15740, ಹಾಗಾಗಿ ನೆನಪಿಡುವುದು ಸುಲಭ. ಒಂದನ್ನೊಂದು ಹುಡುಕಿಕೊಳ್ಳಲು ಯುಡಿಪಿ 1900 ಅಥವಾ 5353 ಬಳಕೆಯಾಗುತ್ತದೆ.

ಮ್ಯಾಕ್ ಇರುವವರಿಗೆ ಬೇರೆಯದೇ ಒಂದು ತಡೆ ಇದೆ. 2024ರಲ್ಲಿ ಬಂದ ಮ್ಯಾಕ್ಒಎಸ್ 15, ಅಂದರೆ ಸಿಕ್ವೊಯಾದಿಂದ, ಮನೆಯ ನೆಟ್‌ವರ್ಕಿನಲ್ಲಿರುವ ಸಾಧನಗಳನ್ನು ಹುಡುಕಲು ಪ್ರತಿ ಆ್ಯಪ್‌ಗೂ ಅನುಮತಿ ಬೇಕು. ಸೆಟ್ಟಿಂಗಿನಲ್ಲಿ 'ಪ್ರೈವೆಸಿ ಅಂಡ್ ಸೆಕ್ಯುರಿಟಿ', ಅದರೊಳಗೆ 'ಲೋಕಲ್ ನೆಟ್‌ವರ್ಕ್' ತೆರೆದು ಕ್ಯಾಮೆರಾ ಸಾಫ್ಟ್‌ವೇರ್ ಆನ್ ಇದೆಯೇ ನೋಡಿ.

ಕೊನೆಯದಾಗಿ ವಿಪಿಎನ್. ಕಚೇರಿ ಕೆಲಸಕ್ಕೆ ಹಾಕಿಕೊಂಡಿರುವ ವಿಪಿಎನ್ (ಲ್ಯಾಪ್‌ಟಾಪನ್ನು ದೂರದ ಕಚೇರಿ ನೆಟ್‌ವರ್ಕಿಗೆ ಜೋಡಿಸುವ ಸಾಫ್ಟ್‌ವೇರ್) ಆನ್ ಇದ್ದರೆ ಲ್ಯಾಪ್‌ಟಾಪು ಮನೆಯ ಸಾಧನಗಳನ್ನು ನೋಡುವುದೇ ನಿಲ್ಲಬಹುದು. ಫೋಟೋ ತರುವಷ್ಟು ಹೊತ್ತು ಆಫ್ ಮಾಡಿ.

ಪ್ರಶ್ನೆ: ಕ್ಯಾಮೆರಾದ ಸ್ವಂತ ವೈಫೈಗೆ ಲ್ಯಾಪ್‌ಟಾಪ್ ಸೇರಿಸಿದರೆ ಇಂಟರ್ನೆಟ್ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಸಂಪರ್ಕವೂ ತಾನಾಗಿ ಕಡಿದುಹೋಗುತ್ತದೆ.

ಇಂಟರ್ನೆಟ್ ಹೋಗುವುದು ಸಹಜ, ಕ್ಯಾಮೆರಾದಲ್ಲಿ ಇಂಟರ್ನೆಟ್ ಇಲ್ಲವಲ್ಲ. ಇದರಲ್ಲಿ ಇಂಟರ್ನೆಟ್ ಇಲ್ಲ ಅಂತ ಕಂಡ ತಕ್ಷಣ ಲ್ಯಾಪ್‌ಟಾಪು ಮನೆಯ ವೈಫೈಗೆ ವಾಪಸ್ ಹಾರುತ್ತದೆ, ಕಡಿದುಹೋಗುವುದು ಅದಕ್ಕೇ. ಮನೆಯ ವೈಫೈ ಹೆಸರಿನಲ್ಲಿ 'ತಾನಾಗಿ ಸೇರು' ಅನ್ನುವ ಟಿಕ್ಕನ್ನು ಆ ಹೊತ್ತಿಗೆ ತೆಗೆಯಿರಿ. ಮೇಜಿನ ಕಂಪ್ಯೂಟರಿಗೆ ಕೇಬಲ್ಲಿನಲ್ಲಿ ಇಂಟರ್ನೆಟ್ ಇದ್ದರೆ ಇನ್ನೂ ಒಳ್ಳೆಯದು, ಕೇಬಲ್ಲಿನಲ್ಲಿ ಇಂಟರ್ನೆಟ್, ವೈಫೈನಲ್ಲಿ ಕ್ಯಾಮೆರಾ, ಎರಡೂ ಒಟ್ಟಿಗೆ ನಡೆಯುತ್ತವೆ. ಕ್ಯಾಮೆರಾದ 'ಆಟೋ ಪವರ್ ಆಫ್' ಸಮಯವನ್ನೂ ಜಾಸ್ತಿ ಮಾಡಿ. ಬ್ಯಾಟರಿ ಕಡಿಮೆ ಇದ್ದರೆ ಕೆಲವು ಕ್ಯಾಮೆರಾಗಳು ವೈಫೈಯನ್ನೇ ಆನ್ ಮಾಡಲು ಬಿಡುವುದಿಲ್ಲ. ಯುಎಸ್‌ಬಿ ಕೇಬಲ್ ಸಿಕ್ಕಿಸಿದ್ದರೆ ವೈಫೈ ಬಂದ್ ಆಗುವ ಮಾದರಿಗಳೂ ಇವೆ, ಆದ್ದರಿಂದ ಕೇಬಲ್ ತೆಗೆದು ತುಂಬಿದ ಬ್ಯಾಟರಿ ಹಾಕಿಕೊಂಡು ಕೂರಿ.

ಪ್ರಶ್ನೆ: ಹಳೆಯ ಲ್ಯಾಪ್‌ಟಾಪಿಗೆ ಚೆನ್ನಾಗಿ ಹೋಗುತ್ತಿತ್ತು. ಲ್ಯಾಪ್‌ಟಾಪ್ ಬದಲಿಸಿದೆ, ಈಗ ಹೋಗುತ್ತಿಲ್ಲ. ಸಾಫ್ಟ್‌ವೇರ್ ಅದೇ, ವೈಫೈ ಅದೇ.

ಕ್ಯಾಮೆರಾ ಇನ್ನೂ ಹಳೆಯ ಲ್ಯಾಪ್‌ಟಾಪನ್ನೇ ಹುಡುಕುತ್ತಿದೆ. ಪೇರಿಂಗ್ ಮಾಡಿದಾಗ ಯಾವ ಕಂಪ್ಯೂಟರ್ ಅನ್ನುವುದು ಕ್ಯಾಮೆರಾದೊಳಗೆ ದಾಖಲಾಗಿರುತ್ತದೆ. ಕ್ಯಾಮೆರಾದ ಮೆನುವಿನಲ್ಲಿ ಆ ಸಂಪರ್ಕದ ಹೆಸರನ್ನು ಅಳಿಸಿ, ಹೊಸ ಲ್ಯಾಪ್‌ಟಾಪಿನಲ್ಲಿ ಪೇರಿಂಗ್ ಮೊದಲಿನಿಂದ ಮಾಡಿ. ಕ್ಯಾನನ್ ಆದರೆ ಇಒಎಸ್ ಯುಟಿಲಿಟಿಯಲ್ಲಿ, ನಿಕಾನ್ ಆದರೆ ವೈರ್‌ಲೆಸ್ ಟ್ರಾನ್ಸ್‌ಮಿಟರ್ ಯುಟಿಲಿಟಿಯಲ್ಲಿ ಈ ಕೆಲಸ. ಕೆಲವು ಮಾದರಿಗಳಲ್ಲಿ ಮೊದಲ ಸಲ ಮಾತ್ರ ಯುಎಸ್‌ಬಿ ಕೇಬಲ್ ಹಾಕಿ ಪರಿಚಯ ಮಾಡಿಸಬೇಕಾಗುತ್ತದೆ, ಹಾಗಾಗಿ ಕೇಬಲ್ ಹತ್ತಿರವೇ ಇರಲಿ. ಒಂದು ಕಡೆ ಮಾತ್ರ ಅಳಿಸಿ ಇನ್ನೊಂದು ಕಡೆ ಬಿಟ್ಟರೆ ಮತ್ತೆ ಗೊಂದಲವಾಗುತ್ತದೆ, ಎರಡೂ ಕಡೆ ಅಳಿಸಿ.

ನಿಮ್ಮ ಕ್ಯಾಮೆರಾ ಪೇರಿಂಗ್ ಇಲ್ಲದೆ ನೇರವಾಗಿ ಕಂಪ್ಯೂಟರಿನ ಶೇರ್ ಮಾಡಿದ ಫೋಲ್ಡರಿಗೆ ಫೋಟೋ ಹಾಕುವ ಬಗೆಯದಾದರೆ ಕಾರಣ ಬೇರೆ. ಈ ಬಗೆಯ ಕೆಲವು ಹಳೆಯ ಸಾಧನಗಳಿಗೆ ಎಸ್ಎಂಬಿ 1 ಅನ್ನುವ ಹಳೆಯ ವಿಧಾನ ಮಾತ್ರ ಗೊತ್ತು. ವಿಂಡೋಸ್ 10ರ 1709 ಆವೃತ್ತಿಯಿಂದ, ಅಂದರೆ 2017ರ ಕೊನೆಯಿಂದ, ಹೊಸದಾಗಿ ಹಾಕಿದ ವಿಂಡೋಸಿನಲ್ಲಿ ಅದು ತಾನಾಗಿ ಬರುವುದಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಲೋಕವನ್ನೆಲ್ಲ ಕಾಡಿದ ವಾನಾಕ್ರೈ ಅನ್ನುವ ದುಷ್ಟ ತಂತ್ರಾಂಶ ನುಗ್ಗಿದ್ದು ಎಸ್ಎಂಬಿ 1ರಲ್ಲಿದ್ದ ಬಿರುಕಿನಿಂದಲೇ. ವಿಂಡೋಸಿನಲ್ಲಿ ಅದನ್ನು ಮತ್ತೆ ಆನ್ ಮಾಡುವ ದಾರಿ ಇದೆ, ಆದರೆ ನಾನು ಅದನ್ನು ಹೇಳಿಕೊಡುವುದಿಲ್ಲ. ನಾಲ್ಕು ಫೋಟೋಗಾಗಿ ಇಡೀ ಕಂಪ್ಯೂಟರನ್ನು ಅಪಾಯಕ್ಕೆ ಒಡ್ಡುವುದು ಬೇಡ. ಅಂಥ ಕ್ಯಾಮೆರಾಗೆ ಕಾರ್ಡ್ ರೀಡರೇ ಸರಿ.

ಪ್ರಶ್ನೆ: ಫೋಟೋ ಬರುತ್ತಿವೆ, ಆದರೆ ಎಲ್ಲವೂ ಅಲ್ಲ. ಜೆಪೆಗ್ ಬಂದಿದೆ, ರಾ ಫೈಲ್ ಇಲ್ಲ. ಕೆಲವು ಹಳೆಯ ಫೋಟೋಗಳೂ ಬಿಟ್ಟುಹೋಗಿವೆ.

ಎರಡು ಬೇರೆ ಸಂಗತಿಗಳಿವೆ. ರಾ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ದೊಡ್ಡ ಫೈಲ್) ಮತ್ತು ಜೆಪೆಗ್ ಎರಡನ್ನೂ ಒಟ್ಟಿಗೆ ತೆಗೆಯುವವರಿಗೆ ಕ್ಯಾಮೆರಾದ ಕಳಿಸುವ ಮೆನುವಿನಲ್ಲಿ 'ಜೆಪೆಗ್ ಮಾತ್ರ', 'ರಾ ಮಾತ್ರ', 'ಎರಡೂ' ಅಂತ ಆಯ್ಕೆ ಇರುತ್ತದೆ. ಅಲ್ಲೇ 'ಚಿಕ್ಕದು ಮಾಡಿ ಕಳಿಸು' ಅನ್ನುವುದೂ ಇರಬಹುದು, ಅದು ಆನ್ ಇದ್ದರೆ ಬಂದ ಜೆಪೆಗ್ ಕೂಡ ಪೂರ್ತಿ ಗಾತ್ರದ್ದಲ್ಲ. ಬಂದ ಒಂದು ಫೋಟೋದ ಅಳತೆ ನೋಡಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದ್ದಾದರೆ ಅಗಲ 6000 ಪಿಕ್ಸೆಲ್ ಸುತ್ತಮುತ್ತ ಇರಬೇಕು. 1920 ಅಂತಿದ್ದರೆ ನಿಮಗೆ ಸಿಕ್ಕಿರುವುದು ಚಿಕ್ಕ ನಕಲು.

ಇನ್ನು ಹಳೆಯ ಫೋಟೋ. ಒಮ್ಮೆ ಕಳಿಸಿದ ಫೋಟೋಗೆ ತುಂಬಾ ಕ್ಯಾಮೆರಾಗಳು 'ಹೋಗಿದೆ' ಅಂತ ಗುರುತು ಹಾಕಿಕೊಂಡು ಮುಂದೆ ಅದನ್ನು ಬಿಟ್ಟೇ ಕಳಿಸುತ್ತವೆ. ಆ ಫೋಟೋಗಳು ಮೊದಲು ಬೇರೆ ಕಂಪ್ಯೂಟರಿಗೆ ಹೋಗಿದ್ದಿರಬಹುದು. ಗುರುತು ತೆಗೆಯುವ ಅಥವಾ ಫೋಟೋ ಆರಿಸಿ ಮತ್ತೆ ಕಳಿಸುವ ಆಯ್ಕೆ ಮೆನುವಿನಲ್ಲಿ ಇರುತ್ತದೆ, ಹುಡುಕಿ. ರಾ ಬಂದಿದೆ ಆದರೆ ತೆರೆಯುತ್ತಿಲ್ಲ ಅನ್ನುವವರದು ಸಾಮಾನ್ಯವಾಗಿ ಸಾಗಾಟದ ತೊಂದರೆ ಅಲ್ಲ, ಕ್ಯಾಮೆರಾ ಹೊಸದು, ಫೋಟೋ ತೆರೆಯುವ ಸಾಫ್ಟ್‌ವೇರ್ ಹಳೆಯದು. ಅದನ್ನು ಅಪ್‌ಡೇಟ್ ಮಾಡಿ.

ಪ್ರಶ್ನೆ: ಸಂಪರ್ಕ ಸರಿಯಿದೆ, ಆದರೆ ಆಮೆಗತಿ. 200 ರಾ ಫೈಲ್‌ಗೆ ಅರ್ಧ ಗಂಟೆ. ವೇಗದ ಇಂಟರ್ನೆಟ್ ಹಾಕಿಸಿದರೆ ಸರಿಹೋಗುತ್ತದೆಯೇ?

ದಯವಿಟ್ಟು ಅದಕ್ಕೆ ದುಡ್ಡು ಹಾಕಬೇಡಿ. ಕ್ಯಾಮೆರಾದಿಂದ ಕಂಪ್ಯೂಟರಿಗೆ ಬರುವ ಫೋಟೋ ಇಂಟರ್ನೆಟ್ ಮುಟ್ಟುವುದೇ ಇಲ್ಲ, ಮನೆಯೊಳಗೇ ಓಡಾಡುತ್ತದೆ. ಇಂಟರ್ನೆಟ್ ಕೇಬಲ್ ಕಿತ್ತಿಟ್ಟರೂ ಫೋಟೋ ಬರುತ್ತದೆ.

ಲೆಕ್ಕ ಹೀಗಿದೆ. ಒಂದು ರಾ ಫೈಲ್ 30 ಎಂಬಿ ಅಂದುಕೊಂಡರೆ 200ಕ್ಕೆ 6 ಜಿಬಿ. ಒಂದೇ ಆಂಟೆನಾ ಇರುವ ಕ್ಯಾಮೆರಾ 2.4 ಗಿಗಾಹರ್ಟ್ಸ್‌ನಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 72 ಮೆಗಾಬಿಟ್ ಅಂತ ತೋರಿಸುತ್ತದೆ. ಅದು ಬಿಟ್, ಬೈಟ್ ಅಲ್ಲ. ಎಂಟರಿಂದ ಭಾಗಿಸಿದರೆ 9 ಎಂಬಿ, ಕೈಗೆ ಸಿಗುವುದು ಸುಮಾರು ಅರ್ಧ. ಸೆಕೆಂಡಿಗೆ 4 ಎಂಬಿ ಅಂದರೂ 6 ಜಿಬಿಗೆ 25 ನಿಮಿಷ ಬೇಕೇ ಬೇಕು. ನಿಮ್ಮ ಅರ್ಧ ಗಂಟೆ ಅದಕ್ಕೆ ಹತ್ತಿರವೇ ಇದೆ, ಕೆಟ್ಟಿರುವುದು ಏನೂ ಇಲ್ಲ. ಸೆಕೆಂಡಿಗೆ 80 ಎಂಬಿ ಓದುವ ಕಾರ್ಡ್ ರೀಡರಿನಲ್ಲಿ ಅದೇ 6 ಜಿಬಿ ಒಂದೂಕಾಲು ನಿಮಿಷದಲ್ಲಿ ಮುಗಿಯುತ್ತದೆ. ಹಾಗಾಗಿ ನನ್ನ ಮಾತು ನೇರ: ಆರಿಸಿದ ಹತ್ತಿಪ್ಪತ್ತು ಜೆಪೆಗ್‌ಗೆ, ತೆಗೆಯುತ್ತಿದ್ದ ಹಾಗೇ ದೊಡ್ಡ ಪರದೆಯಲ್ಲಿ ನೋಡುವುದಕ್ಕೆ ವೈಫೈ ಬಹಳ ಚೆನ್ನ. ಇಡೀ ದಿನದ ರಾ ಫೈಲಿಗೆ, ವಿಡಿಯೋಗೆ ಕಾರ್ಡ್ ರೀಡರೇ ಬಳಸಿ.

ಇದಕ್ಕಿಂತಲೂ ತೀರಾ ನಿಧಾನ ಅನಿಸಿದರೆ ಲ್ಯಾಪ್‌ಟಾಪಿನ ಪಕ್ಕದಲ್ಲಿ ಏನಿದೆ ನೋಡಿ. ಯುಎಸ್‌ಬಿ 3 ಹಾರ್ಡ್‌ಡಿಸ್ಕ್ ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತಲೇ ಗದ್ದಲ ಎಬ್ಬಿಸುತ್ತದೆ, ಇಂಟೆಲ್ 2012ರಲ್ಲೇ ಇದನ್ನು ಅಳೆದು ಬರೆದಿತ್ತು. ಬರುವ ಫೋಟೋಗಳನ್ನು ನೇರ ಅಂಥ ಡಿಸ್ಕಿಗೇ ಉಳಿಸುತ್ತಿದ್ದರೆ ಅದು ಕೆಲಸ ಮಾಡುತ್ತಲೇ ವೈಫೈಗೆ ಅಡ್ಡ ಬರುತ್ತಿರುತ್ತದೆ. ಮೊದಲು ಲ್ಯಾಪ್‌ಟಾಪಿನೊಳಗೇ ಉಳಿಸಿ, ಆಮೇಲೆ ಡಿಸ್ಕಿಗೆ ಸಾಗಿಸಿ. ಇಲ್ಲವೇ ಉದ್ದದ ಕೇಬಲ್ ಹಾಕಿ ಡಿಸ್ಕನ್ನು ದೂರ ಇಡಿ. ಮೈಕ್ರೋವೇವ್ ಒಲೆಯ ಹತ್ತಿರವೂ ಕೂರಬೇಡಿ.

ಪ್ರಶ್ನೆ: ಕ್ಯಾಮೆರಾದಲ್ಲಿ ಬ್ಲೂಟೂತ್ ಇದೆ. ವೈಫೈ ರಗಳೆ ಬಿಟ್ಟು ಅದರಿಂದಲೇ ಕಳಿಸಬಹುದೇ?

ಆಗುವುದಿಲ್ಲ. ಕ್ಯಾಮೆರಾದ ಬ್ಲೂಟೂತ್ ಇರುವುದು ಮುಖ್ಯವಾಗಿ ಫೋನಿನ ಜೊತೆ ಸಂಪರ್ಕ ಉಳಿಸಿಕೊಳ್ಳಲು, ಸಮಯ ಮತ್ತು ಜಾಗದ ಮಾಹಿತಿ ಪಡೆಯಲು. ನಿಕಾನ್‌ನ ಸ್ನ್ಯಾಪ್‌ಬ್ರಿಡ್ಜ್ ಬ್ಲೂಟೂತಿನಲ್ಲಿ ಫೋಟೋ ಕಳಿಸುತ್ತದೆ ನಿಜ, ಆದರೆ 2 ಮೆಗಾಪಿಕ್ಸೆಲ್ಲಿನ ಚಿಕ್ಕ ನಕಲನ್ನು, ಅದೂ ಫೋನಿಗೆ.

ಪ್ರಶ್ನೆ: ಹಳೆಯ ಕ್ಯಾಮೆರಾದಲ್ಲಿ ವೈಫೈ ಇಲ್ಲ. ವೈಫೈ ಇರುವ ಮೆಮೊರಿ ಕಾರ್ಡ್ ಒಂದು ಸೆಕೆಂಡ್‌ಹ್ಯಾಂಡ್ ಸಿಗುತ್ತಿದೆ, ಕೊಳ್ಳಲೇ?

ಯಾವುದು ಅನ್ನುವುದರ ಮೇಲಿದೆ. ಐ-ಫೈ ಕಂಪನಿಯ ಎಕ್ಸ್2 ಮತ್ತು ಅದಕ್ಕಿಂತ ಹಳೆಯ ಕಾರ್ಡಾದರೆ ಬೇಡ. ಅವನ್ನು ಹೊಂದಿಸಲು ಕಂಪನಿಯ ಸರ್ವರ್ ಬೇಕಿತ್ತು, 2016ರ ಸೆಪ್ಟೆಂಬರಿನಲ್ಲಿ ಆ ಬೆಂಬಲ ನಿಂತಿತು. ತೋಷಿಬಾದ ಫ್ಲ್ಯಾಶ್‌ಏರ್ ಆದರೆ ಇನ್ನೂ ಉಪಯೋಗವಿದೆ. ಅದು ತಾನೇ ಒಂದು ವೈಫೈ ಎಬ್ಬಿಸುತ್ತದೆ, ಲ್ಯಾಪ್‌ಟಾಪನ್ನು ಅದಕ್ಕೆ ಸೇರಿಸಿ ಬ್ರೌಸರಿನಲ್ಲಿ 192.168.0.1 ಅಂತ ಹಾಕಿದರೆ ಕಾರ್ಡಿನಲ್ಲಿರುವ ಫೋಟೋಗಳು ಕಾಣುತ್ತವೆ. ಮೊದಲಿನ ಪಾಸ್‌ವರ್ಡ್ 12345678, ಕೊಂಡ ಕೂಡಲೇ ಬದಲಿಸಿ. ಕ್ಯಾಮೆರಾ ಆಫ್ ಆದರೆ ಕಾರ್ಡಿನ ವೈಫೈಯೂ ಆಫ್ ಆಗುತ್ತದೆ, ಅದಕ್ಕೆ ವಿದ್ಯುತ್ ಬರುವುದು ಕ್ಯಾಮೆರಾದಿಂದಲೇ.

ಪ್ರಶ್ನೆ: ಫೋಟೋ ಎಲ್ಲ ವೈಫೈನಲ್ಲಿ ಬಂದ ಮೇಲೆ ಕಾರ್ಡ್ ಫಾರ್ಮ್ಯಾಟ್ ಮಾಡಬಹುದೇ?

ಪರೀಕ್ಷಿಸದೆ ಬೇಡವೇ ಬೇಡ. ಈ ಪ್ರಶ್ನೆ ಕೇಳಿದ್ದಕ್ಕೆ ನಿಜಕ್ಕೂ ಖುಷಿಯಾಯಿತು, ಜಾಸ್ತಿ ಜನ ಕೇಳದೆಯೇ ಮಾಡಿಬಿಡುತ್ತಾರೆ.

ವೈಫೈ ನಡುವೆ ಕಡಿದರೆ ಫೈಲ್ ಅರ್ಧಕ್ಕೇ ಉಳಿದಿರಬಹುದು. ಹೆಸರು ಸರಿಯಾಗಿರುತ್ತದೆ, ಪುಟ್ಟ ಚಿತ್ರವೂ ಕಾಣಬಹುದು, ತೆರೆದರೆ ಕೆಳಗಿನ ಅರ್ಧ ಬೂದು ಬಣ್ಣ. ಕಾರ್ಡನ್ನು ಒಮ್ಮೆ ರೀಡರಿಗೆ ಹಾಕಿ ಎರಡೂ ಫೋಲ್ಡರಿನ ಫೈಲ್ ಸಂಖ್ಯೆ ಮತ್ತು ಒಟ್ಟು ಗಾತ್ರವನ್ನು ಬೈಟ್ ಲೆಕ್ಕದಲ್ಲಿ ಹೋಲಿಸಿ. ವಿಂಡೋಸಿನಲ್ಲಿ ಫೋಲ್ಡರಿನ 'ಪ್ರಾಪರ್ಟೀಸ್' ತೆರೆದರೆ ಎರಡೂ ಒಂದೇ ಕಡೆ ಸಿಗುತ್ತವೆ. ಸಂಖ್ಯೆ ಒಂದೇ ಇದ್ದು ಗಾತ್ರ ಕಡಿಮೆ ಇದ್ದರೆ ಯಾವುದೋ ಫೈಲ್ ಪೂರ್ತಿ ಬಂದಿಲ್ಲ. ಫೈಲ್‌ಗಳನ್ನು ಗಾತ್ರದ ಪ್ರಕಾರ ಜೋಡಿಸಿ ತೀರಾ ಚಿಕ್ಕವನ್ನು ತೆರೆದು ನೋಡಿ, ಸಂಪರ್ಕ ಕಡಿದ ಹೊತ್ತಿನ ಫೋಟೋವನ್ನಂತೂ ತಪ್ಪದೆ ತೆರೆಯಿರಿ. ಇನ್ನೊಂದು ಡಿಸ್ಕಿಗೂ ನಕಲು ಮಾಡಿ, ಆಮೇಲೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ.

ಈಗಾಗಲೇ ಫಾರ್ಮ್ಯಾಟ್ ಮಾಡಿಬಿಟ್ಟು ಫೋಟೋ ಕಳೆದುಕೊಂಡವರು ಆ ಕಾರ್ಡಿನಲ್ಲಿ ಇನ್ನೊಂದು ಫೋಟೋ ಕೂಡ ತೆಗೆಯಬೇಡಿ. ಕಾರ್ಡ್ ಹೊರತೆಗೆದು ಬೇರೆ ಇಡಿ, ಫೋಟೋರೆಕ್ ಅನ್ನುವ ಉಚಿತ ಸಾಫ್ಟ್‌ವೇರನ್ನು ಕಂಪ್ಯೂಟರಿಗೆ ಹಾಕಿ ಕಾರ್ಡ್ ಓದಿಸಿ, ಸಿಕ್ಕಿದ್ದನ್ನು ಕಂಪ್ಯೂಟರಿನ ಡಿಸ್ಕಿಗೆ ಉಳಿಸಿ, ಅದೇ ಕಾರ್ಡಿಗೆ ಬೇಡ. ಮೇಲೆ ಹೊಸದೇನೂ ಬರೆಯದಿದ್ದರೆ ಮತ್ತು ಫಾರ್ಮ್ಯಾಟ್ ಮಾಡುವಾಗ ಕಾರ್ಡಿನ ದತ್ತಾಂಶವನ್ನೇ ಕ್ಯಾಮೆರಾ ಅಳಿಸಿರದಿದ್ದರೆ ಬಹಳಷ್ಟು ಫೋಟೋ ವಾಪಸ್ ಸಿಗುತ್ತವೆ.